ಅತ್ತೆಯ ಮಶೇರಿ ಮತ್ತು ಅತ್ತೆಯ ಮತ

ನಮ್ಮ ಅತ್ತೆ ಗ್ರಾಮ ಪಂಚಾಯಿತಿ ಸದಸ್ಯೆಯಾದ ಮೇಲೆ ಮನೆಯಲ್ಲಿ ಬದಲಾದದ್ದು ಒಂದೇ: ಮಶೇರಿ ಪುಕ್ಕಟೆ ಬರತೊಡಗಿತು. ಹುರಿದು ಕರ್ರಗೆ ಮಾಡಿದ ತಂಬಾಕಿನ ಪುಡಿ ಅದು. ನಿಪ್ಪಾಣಿ ಕಡೆಯ ಎಷ್ಟೋ ಹೆಂಗಸರು ಅದರಿಂದ ಹಲ್ಲು ತಿಕ್ಕುತ್ತಾರೆ. ಹೆಸರಿಗೆ ಹಲ್ಲು, ನಿಜಕ್ಕೆ ನಶೆ. ಅತ್ತೆ ದಿನಕ್ಕೆ ನಾಲ್ಕು ಸಲ ತಿಕ್ಕುತ್ತಿದ್ದರು. ಇಷ್ಟು ಸ್ವಚ್ಛ ಹಲ್ಲು ಇಡೀ ತಾಲೂಕಿನಲ್ಲಿಲ್ಲ ಎಂದು ಮಾವನವರು ಕಾಡಿಸುತ್ತಿದ್ದರು. ಶಾಲೆ ಎದುರಿನ ಅಂಗಡಿಯವ ಈಗ, “ಮೆಂಬರ್ ಆಗೀರಿ, ನಿಮ್ಮ ಕಡೆ ರೊಕ್ಕ ಇಸ್ಕೊಳ್ಳೂದೇನ್ರಿ ಅವ್ವಾ?” ಎಂದು ಪೊಟ್ಟಣವನ್ನು ಕೈಗಿಡುತ್ತಿದ್ದ.

ಹೋದ ವರ್ಷ ಹೆಡ್ ಮಾಸ್ತರರು ಪಂಚಾಯಿತಿಗೆ ಅರ್ಜಿ ಕೊಟ್ಟರು. ಏಳನೇ ಇಯತ್ತೆಯ ಹುಡುಗರ ಪಾಟೀಚೀಲಗಳಲ್ಲಿ ಗುಟ್ಖಾ ಸಿಕ್ಕಿತ್ತು. ಶಾಲೆ ಎದುರು ತಂಬಾಕು ಮಾರುವುದನ್ನು ನಿಲ್ಲಿಸಬೇಕೆಂದು ಠರಾವು ಬಂತು.

ಸಭೆಯ ದಿನ ಬೆಳಿಗ್ಗೆ ಅತ್ತೆ ಮಶೇರಿ ಡಬ್ಬಿ ಹಿಡಿದುಕೊಂಡು ನನ್ನ ಮುಂದೆ ಕೂತರು.

“ನೀ ಓದಿದಾಕಿ, ಹೇಳವಾ. ಇದನ್ನ ಬಾಯಾಗ ಇಟ್ಕೊಂಡು ಬ್ಯಾಡ ಅಂತ ಕೈ ಎತ್ತಿದ್ರ ಮಂದಿ ನಗೂದಿಲ್ಲೇನ?”

“ಹಂಗಾರ ಎತ್ತಬ್ಯಾಡ್ರಿ ಅತ್ತಿ.”

“ಎತ್ತಲಿಲ್ಲಂದ್ರ ಪುಕ್ಕಟ ಪುಡಿಗೆ ಮಾರ್ಕೊಂಡ್ಲು ಅಂತಾರ.”

ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟಿ ಚಾಲೂ ಮಾಡಿದೆ.

ಪಂಚಾಯಿತಿಯ ಕಿಟಕಿಯ ಹೊರಗೊಂದು ಬೆಂಚಿದೆ. ಸದಸ್ಯೆಯರ ಗಂಡಂದಿರು ಅಲ್ಲಿ ಕೂತು, ಯಾವಾಗ ಕೈ ಎತ್ತಬೇಕೆಂದು ಕೆಮ್ಮಿ ತಿಳಿಸುತ್ತಾರೆ. ಮಾವನವರಿಗೆ ಆ ಕೆಲಸ ಆಗಿಬರುವುದಿಲ್ಲ. ಹಾಗಾಗಿ ಮೂವರು ಗಂಡಂದಿರ ಪಕ್ಕ ನಾನು ಕೂತೆ.

ಠರಾವು ಓದಿದ್ದೇ ತಡ, ಗಲ್ಲದಲ್ಲಿ ಗುಟ್ಖಾ ತುಂಬಿಕೊಂಡಿದ್ದ ಸದಸ್ಯರೊಬ್ಬರು ಮುಖ ಮೇಲೆತ್ತಿ, ಅದು ಚೆಲ್ಲದ ಹಾಗೆ ಮಾತಾಡಿದರು. “ಚಟ ಇದ್ದಾರು ಈ ಮತಕ್ಕ ಕೂಡಬಾರ್ದ್ರಿ. ನ್ಯಾಯ ಅಂದ್ರ ನ್ಯಾಯ.” ಅವರ ಕಣ್ಣು ಅತ್ತೆಯ ಮೇಲಿತ್ತು.

“ಖರೆ ಐತ್ರಿ,” ಎಂದು ಅತ್ತೆ ಎದ್ದು ನಿಂತರು. “ಬರ್ರಿ, ಚಟ ಇದ್ದಾರೆಲ್ಲಾ ಹೊರಗ ಹೋಗೂಣು.”

ಗುಟ್ಖಾದವರು ಹೇಗೂ ಉಗುಳಲು ಏಳಲೇಬೇಕಿತ್ತು. ಬೀಡಿಯವರು, ನಶ್ಯದವರು, ಎಲೆಅಡಿಕೆಗೆ ತಂಬಾಕು ಸೇರಿಸುವವರು ಒಬ್ಬೊಬ್ಬರಾಗಿ ಎದ್ದರು. ಕೊನೆಗೆ ಉಳಿದವರು ಇಬ್ಬರು: ಮತವೇ ಇಲ್ಲದ ಪಿಡಿಒ ಸಾಹೇಬರು ಮತ್ತು ಚಟವಿಲ್ಲದ ಒಬ್ಬನೇ ಸದಸ್ಯ, ಅಂಗಡಿಯವನ ಸ್ವಂತ ಭಾವ. ಸಭೆ ಬಿದ್ದು ಬಿದ್ದು ನಕ್ಕಿತು. ಎದ್ದು ನಿಂತಿದ್ದ ಅಧ್ಯಕ್ಷರು ಬೀಡಿ ಕಟ್ಟನ್ನು ಕಿಸೆಯೊಳಗೆ ತಳ್ಳಿ, “ಕುಂಡ್ರಿ, ಎಲ್ಲಾರೂ ಕುಂಡ್ರಿ” ಎಂದರು.

ಅತ್ತೆ ಮಾತ್ರ ಕೂರಲಿಲ್ಲ.

“ನಲವತ್ತ ವರ್ಷ ಆತ್ರಿ ತಿಕ್ಕಾಕತ್ತಿ. ಬಿಡಬೇಕಂತ ನಾಕ ಸಲ ಹೊಂಟು ಸೋತೀನಿ. ಆ ತ್ರಾಸ ನನಗ ಗೊತ್ತೈತಿ. ಅದಕ್ಕ ಕೈ ಎತ್ತಾಕತ್ತೀನಿ.”

ಹೇಳುತ್ತಲೇ ಅತ್ತೆ ಕೈ ಎತ್ತಿದರು. ನನ್ನ ಪಕ್ಕದ ಗಂಡನೊಬ್ಬ ಬೇಡವೆಂದು ಜೋರಾಗಿ ಕೆಮ್ಮಿದ. ಅಷ್ಟರಲ್ಲಿ ಅವನ ಹೆಂಡತಿಯ ಕೈ ಮೇಲೇರಿತ್ತು. ಠರಾವು ಪಾಸಾಯಿತು.

ಅಂಗಡಿಯವ ಗುಟ್ಖಾದ ಮಾಲೆ ಇಳಿಸಿ ಶೇಂಗಾ ಚಿಕ್ಕಿಯ ಬರಣಿ ಇಟ್ಟ. ಅತ್ತೆಯನ್ನು ಅವ್ವಾ ಎನ್ನುವುದನ್ನು ಬಿಟ್ಟು “ಮೆಂಬರ್ ಬಾಯಿ” ಎನ್ನತೊಡಗಿದ. ಅತ್ತೆಗೆ ಅದು ಚುಚ್ಚಿತು. ಆದರೂ ಮಶೇರಿ ಬಿಡಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ನಡೆದುಹೋಗಿ, ರೊಕ್ಕ ಕೊಟ್ಟು ತರುತ್ತಾರೆ. ನಡೆಯುವ ಬೇಸರಕ್ಕೆ ನಾಲ್ಕು ಸಲದ್ದು ಎರಡಾಗಿದೆ.

ಮುಂದಿನ ಸಭೆಯಲ್ಲಿ ನಮ್ಮ ಕಬ್ಬಿನ ಹೊಲಕ್ಕೆ ಹೋಗುವ ದಾರಿಗೆ ಖಡಿ, ಅಂದರೆ ಜಲ್ಲಿಕಲ್ಲು, ಹಾಕಿಸುವ ವಿಷಯ ಬಂತು. ಅತ್ತೆ ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಮನೆಗೆ ಬರುವಾಗ ನಾನು ಕೇಳಿಯೇಬಿಟ್ಟೆ: “ಅತ್ತಿ, ಅದು ನಮ್ಮ ದಾರಿ ಅಲ್ಲೇನ್ರಿ?”

ಹಿಂದಿನ ಸೀಟಿನಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡರು.

“ನಮ್ದೂ ಐತಿ, ಹಿಂದಿನ ಹದಿನೈದ ಮನ್ಯಾರದೂ ಐತಿ,” ಎಂದರು ಅತ್ತೆ. “ನೀ ಮುಂದ ನೋಡಿ ಗಾಡಿ ಹೊಡಿ.”