ಅಮಾವಾಸ್ಯೆಯ ರಜೆ

ಮೊಳಕಾಲ್ಮೂರಿನ ಪೆದ್ದಣ್ಣನವರಷ್ಟು ಅಚ್ಚುಕಟ್ಟಿನ ಮನುಷ್ಯನನ್ನು ನಾನು ನೋಡಿಲ್ಲ. ಆ ಅಚ್ಚುಕಟ್ಟೇ ಅವರನ್ನು ಮುಳುಗಿಸಿತು ಎನ್ನಲು ಸಂಕಟವಾಗುತ್ತದೆ.

ಅವರು ರೇಷ್ಮೆ ಸೀರೆಯ ಅಂಚು ಸೆರಗುಗಳಿಗೆ ನಕ್ಷೆ ಬರೆಯುವವರು. ಚೌಕಳಿ ಹಾಳೆಯ ಒಂದೊಂದೇ ಮನೆಗೆ ಬಣ್ಣ ತುಂಬುತ್ತಾ ನಲವತ್ತು ವರ್ಷ ಕಳೆದರು. ಕೈ ನಡುಗಲು ಶುರುವಾಗುವ ಹೊತ್ತಿಗೆ ಹಾಳೆಗಳಿಗೂ ಗೆದ್ದಲು ಹತ್ತಿತ್ತು. ಪುಡಿಯಾಗುವ ಮುಂಚೆ ನಾನೂರು ಚಿಲ್ಲರೆ ನಕ್ಷೆಗಳನ್ನು ಸೊಸೆ ವೀಣಾ ಸ್ಕ್ಯಾನ್ ಮಾಡಿದಳು; ಹಾಳೆಗಳು ಆಮೇಲೆ ಉಳಿಯಲಿಲ್ಲ. ಅವನ್ನಿಡಲು ಹಳೆಯ ಲಿನಕ್ಸ್ ಸರ್ವರೊಂದನ್ನು ತಂದು ಮಗ್ಗದ ಪಕ್ಕ ಕೂರಿಸಿಕೊಟ್ಟವನು ನಾನು, ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಓಂಕಾರಮೂರ್ತಿ. ಕೇರಿಯ ನೇಕಾರರು ಬೇಕಾದ ನಕ್ಷೆಯನ್ನು ಫೋನಿನಲ್ಲೇ ನೋಡಿಕೊಳ್ಳಲಿ ಎಂದು ಅದನ್ನು ಸದಾ ಓಡುವಂತೆ ಇಟ್ಟಿದ್ದೆ. ಕರೆಂಟು ಹೋದರೂ ನಿಲ್ಲದಿರಲೆಂದು ಬ್ಯಾಟರಿಯನ್ನೂ ಜೋಡಿಸಿದ್ದೆ. ಆರು ವರ್ಷ ತೊಂದರೆ ಕೊಡಲಿಲ್ಲ.

ಹೋದ ತಿಂಗಳು ವೀಣಾ ಫೋನ್ ಮಾಡಿದಳು. ಶುರುವಾಗುತ್ತದೆ, ನಾಲ್ಕು ಸಾಲು ಬರುತ್ತದೆ, ನಿಂತುಹೋಗುತ್ತದೆ. ಏನೋ ಮುಟ್ಟಿರುತ್ತೀರಿ ಎಂದು ರೇಗಿದೆ. ಮುಟ್ಟಿಲ್ಲ ಎಂದಳು. ನಂಬದೆಯೇ ಬಸ್ ಹತ್ತಿದೆ.

ಹೋಗಿ ನೋಡಿದರೆ ಪರದೆ ತುಂಬ ಬಿಳಿ ಅಕ್ಷರ, ಕೊನೆಗೆ ‘ಕರ್ನಲ್ ಪ್ಯಾನಿಕ್’, ಅಂದರೆ ಯಂತ್ರದ ಮೂಲ ತಂತ್ರಾಂಶವೇ ಮುಂದೆ ಹೋಗಲಾರದೆ ನಿಂತಿದೆ. ಹಳೆಯ ಕರ್ನಲ್‌ನಿಂದ ಎಬ್ಬಿಸಿದೆ, ಏಳಲಿಲ್ಲ. ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಕೊನೆಗೆ ನನ್ನ ಪೆನ್ ಡ್ರೈವ್‌ನಿಂದ ಯಂತ್ರ ಎಬ್ಬಿಸಿ ಡಿಸ್ಕಿನ ಒಳಹೊಕ್ಕೆ. ನಕ್ಷೆಗಳ ಹೆಸರುಗಳಿದ್ದವು, ತೆರೆದರೆ ಒಳಗೆ ಏನೂ ಇರಲಿಲ್ಲ. ಪೆದ್ದಣ್ಣ ಪಕ್ಕದಲ್ಲಿ ಕೂತು ರುದ್ರಾಕ್ಷಿ ಅಂಚು ಐತಾ, ಜೋಡಿ ನವಿಲು ಐತಾ ಎಂದು ಕೇಳುತ್ತಲೇ ಇದ್ದರು. ನೋಡ್ತೀನಿ ಎನ್ನುತ್ತಾ ನಾನು ಸುಳ್ಳು ಹೇಳುತ್ತಿದ್ದೆ.

ಯಂತ್ರ ಬರೆದಿಟ್ಟುಕೊಳ್ಳುವ ದಿನಚರಿ ಮಾತ್ರ ಉಳಿದಿತ್ತು. ಇಪ್ಪತ್ತೊಂಬತ್ತು, ಮೂವತ್ತು ದಿನಕ್ಕೊಮ್ಮೆ ಬೆಳಿಗ್ಗೆ ತಟ್ಟನೆ ನಿಂತಿದೆ, ಮರುದಿನ ಎದ್ದಿದೆ. ಆರು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಲ್ಲ. ಕರೆಂಟಿನವರು ಇಷ್ಟು ಶಿಸ್ತಿನವರಲ್ಲ. ಗೋಡೆಯ ಕ್ಯಾಲೆಂಡರ್ ತಿರುವಿದೆ. ಈ ವರ್ಷದ ಆ ತಾರೀಕುಗಳ ಮೇಲೆಲ್ಲ ಅಮಾವಾಸ್ಯೆಯ ಕಪ್ಪು ಚುಕ್ಕೆ ಇತ್ತು.

ಪೆದ್ದಣ್ಣನವರತ್ತ ತಿರುಗಿದೆ.

“ಅಮಾಸೆ ದಿನ ಮಗ್ಗ ಆಡಿಸಂಗಿಲ್ಲಲ್ರಿ,” ಎಂದರು. “ಇದೂ ದುಡಿಯೋದೇ ಅಲ್ವಾ, ಇದಕ್ಕೂ ಒಂದಿನ ರಜಾ ಬೇಡ್ವಾ ಅಂತ ನಾನೇ ಆ ಬ್ಯಾಟರಿಯಿಂದ ಇದರ ಪ್ಲಗ್ ಕೀಳ್ತಿದ್ದೆ.”

ಹೀಗೆ ಓಡುತ್ತಿದ್ದುದನ್ನು ಕಿತ್ತು ಕಿತ್ತೇ ಡಿಸ್ಕ್ ಹಾಳಾಗಿದ್ದು, ನಕ್ಷೆಗಳು ಇನ್ನು ಸಿಗುವುದಿಲ್ಲ ಎಂದು ಹೇಳಿಬಿಟ್ಟೆ. ಹಾಗೆ ಹೇಳಬಾರದಿತ್ತು. ಯಂತ್ರವನ್ನು ಸರಿಯಾಗಿ ಆರಿಸುವುದು ಹೇಗೆಂದು ಅದನ್ನು ಕೂರಿಸಿದ ದಿನ ನಾನು ಹೇಳಿಕೊಟ್ಟಿರಲಿಲ್ಲ, ಇನ್ನೊಂದು ಪ್ರತಿ ಇಡಿ ಎಂದೂ ಹೇಳಿರಲಿಲ್ಲ. ಕೊನೆಯ ಬಸ್ಸಿನ ಅವಸರದಲ್ಲಿದ್ದೆ. ಅದನ್ನೂ ಒಪ್ಪಿಕೊಂಡೆ, ಆದರೆ ಅವರಿಗೆ ಕೇಳಿಸಿದಂತೆ ಕಾಣಲಿಲ್ಲ.

ವೀಣಾ ಎದ್ದು ಒಳಗೆ ಹೋದಳು. ಪೆದ್ದಣ್ಣ ಯಂತ್ರದ ಮುಂದಕ್ಕೆ ಸರಿದು ಕೂತರು.

“ಸರಿಯಾಗಿ ಆರಿಸೋದು ಹೆಂಗಂತ ತೋರಿಸ್ರಿ,” ಎಂದರು.

ತೋರಿಸಿದೆ. ನಡುಗುವ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಆ ಖಾಲಿ ಯಂತ್ರವನ್ನು ಆರಿಸಿದರು. ದೀಪ ಹೋದ ಮೇಲೂ ಸ್ವಲ್ಪ ಹೊತ್ತು ಕಾದು, ಆಮೇಲೆ ಮೆಲ್ಲಗೆ ಪ್ಲಗ್ ತೆಗೆದರು.