ಟಿವಿಯೊಳಗೆ ಕಾವಿಗೆ ಕೂತ ಕೋಳಿ

ಕೆಟ್ಟ ಟಿವಿ, ಮೊಬೈಲು ಸಂಗ್ರಹಿಸುವ ಗಾಡಿಯ ಜೊತೆ ಯಗಟಿಗೆ ಹೋಗಿದ್ದೆ. ಇಂಥವನ್ನು ಇ-ತ್ಯಾಜ್ಯ ಎನ್ನುತ್ತಾರೆ. ಒಡೆದರೆ ಒಳಗಿನ ಸೀಸ ಮಣ್ಣಿಗಿಳಿಯುತ್ತದೆ, ಸೀಸ ಎಂದರೆ ವಿಷ, ಅದಕ್ಕೇ ಇಷ್ಟು ವಿವರಿಸುತ್ತಿದ್ದೇನೆ.

ಅಜ್ಜಿಯೊಬ್ಬರ ಜಗಲಿಯಲ್ಲಿದ್ದ ಹಳೇ ಡಬ್ಬಾ ಟಿವಿ ಎತ್ತಲು ಹೋದರೆ, ಒಳಗಿಂದ ಕೋಳಿ ಕುಕ್ಕಿತು.

“ಕಾವಿಗೆ ಕೂತೈತೆ ಕಣಪ್ಪಾ, ಮರಿ ಆದ್ಮೇಲೆ ಬಾ.”

“ಒಳಗಿದ್ದ ಗಾಜಿನ ಟ್ಯೂಬು ಎಲ್ಲಜ್ಜಿ? ವಿಷ ಇರೋದೇ ಅದ್ರಲ್ಲಿ.”

“ಕೋಳಿಗೆ ಜಾಗ ಬೇಕಲ್ಲಪ್ಪಾ? ಪುಡಿ ಮಾಡಿ, ಯಾರ ಕಾಲಿಗೂ ಚುಚ್ಚದಂಗೆ ಆ ತೆಂಗಿನ ಬುಡಕ್ಕೆ ಹೂತಾಕಿದೀನಿ.”

ಎಂಥ ಜವಾಬ್ದಾರಿಯುತ ವಿಲೇವಾರಿ! ಗಂಟಲು ಒಣಗುವವರೆಗೂ ತಿಳಿಹೇಳಿದೆ. ಅಜ್ಜಿ ಮರುಗಿ, ಅದೇ ಮರದ ಎಳನೀರು ಕೊಚ್ಚಿ ಕೊಟ್ಟರು. ಬೇಡವೆನ್ನಲು ಸಂಕೋಚವಾಗಿ ಕುಡಿದೆ. ಸಿಹಿಯಾಗಿತ್ತು.

“ನೋಡು, ವಿಷ ಇದ್ದಿದ್ರೆ ಹಿಂಗಿರ್ತಿತ್ತಾ?” ಎಂದು ಬೀದಿಗೆಲ್ಲ ಕೇಳುವಂತೆ ಅಂದರು.

ಆಮೇಲೆ ಆ ಬೀದಿಯಲ್ಲಿ ಒಂದು ಚಾರ್ಜರೂ ಸಿಗಲಿಲ್ಲ. ಎಳನೀರು ಮಾತ್ರ ಎಲ್ಲರೂ ಕೊಟ್ಟರು.