ಹೊರಗಿಟ್ಟ ಮುತ್ತಜ್ಜಿಯ ಮಾತು

ಎಂಟನೆಯ ಹಾಳೆಯ ಎಡ ಅಂಚಿನಲ್ಲಿ ಅರಿಶಿನ ಮೆತ್ತಿದ ಹೆಬ್ಬೆರಳಿನ ಗುರುತಿದೆ. ಹೋದ ವಾರ ಅಮೆರಿಕದ ಗೈದರ್ಸ್‌ಬರ್ಗಿನ ನನ್ನ ಮನೆಗೆ ಬಂದ ಲಕೋಟೆಯಲ್ಲಿ ಈ ಜೆರಾಕ್ಸ್ ಹಾಳೆಗಳಿದ್ದವು. ಕಳಿಸಿದ್ದು ನನ್ನ ಹಳೆಯ ಮನೆಯೊಡತಿ ಆಂಟಿಯ ಮೊಮ್ಮಗಳು. ಆಂಟಿ ತೀರಿಕೊಂಡು ಎರಡು ತಿಂಗಳಾಗಿತ್ತು.

2021ರಲ್ಲಿ ಅಟ್ಲಾಂಟಾದಲ್ಲಿ ಇತಿಹಾಸ ಓದುತ್ತಿದ್ದಾಗ ನಾನು ಹತ್ತಿರದ ಲಾರೆನ್ಸ್‌ವಿಲ್‌ನ ಅವರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಅವರದು ಧಾರವಾಡದ ಕಡೆಯ ಕ್ರೈಸ್ತ ಮನೆತನ. ಅವರ ಮುತ್ತಜ್ಜಿಯನ್ನು ಚರ್ಚಿನ ಹಿರಿಯರು ಒಮ್ಮೆ ವಿಚಾರಣೆ ಮಾಡಿ ಆರು ತಿಂಗಳು ಸಭೆಯಿಂದ ಹೊರಗಿಟ್ಟಿದ್ದರಂತೆ. ಏಕೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟಿರಲಿಲ್ಲ. ಸಾಯುವ ಮೊದಲು ಅದೊಂದು ತಿಳಿಯಬೇಕೆಂಬ ಹಟ ಆಂಟಿಗೆ. ವಿಚಾರಣೆಯ ಪುಸ್ತಕದ ಜೆರಾಕ್ಸನ್ನು ಊರಿನಿಂದ ತರಿಸಿದ್ದರು. ಆದರೆ ಹಳೆಯ ಕೈಬರಹ ಅವರ ಕಣ್ಣಿಗೆ ನಿಲುಕುತ್ತಿರಲಿಲ್ಲ.

ಪ್ರತಿ ಶನಿವಾರ ಅವರು ಅಡುಗೆ ಮಾಡುತ್ತಿದ್ದರು, ನಾನು ಓದುತ್ತಿದ್ದೆ. ಕುಡಿದು ಪ್ರಾರ್ಥನೆಗೆ ಬಂದವನು, ಗಂಡನ ಮನೆ ಬಿಟ್ಟವಳು, ಬಾವಿಕಟ್ಟೆಯಲ್ಲಿ ಬೈದಾಡಿದವರು... ಒಂದು ಓಣಿಯೇ ಅಲ್ಲಿತ್ತು.

"ಆ ಬೈದಾಕಿ ಮರಿಮಗಳು ನನ್ ಕ್ಲಾಸ್‌ಮೇಟ್," ಅಂದಿದ್ದರು. "ಬಾಯಿ ಅಲ್ಲಿಂದನ ಬಂದದ ನೋಡು."

ಎಂಟನೆಯ ಹಾಳೆಯಲ್ಲಿ ಮುತ್ತಜ್ಜಿ ಸಿಕ್ಕರು. ಹಿಂದೂಗಳಾಗಿಯೇ ಉಳಿದಿದ್ದ ತವರಿಗೆ ತಂಗಿಯ ಮದುವೆಗೆಂದು ಹೋಗಿ ಹಣೆಗೆ ಕುಂಕುಮ ಹಚ್ಚಿಕೊಂಡಿದ್ದು ಆಪಾದನೆ. ಹಿರಿಯರ ಮಾತು ಕಟುವಾಗಿತ್ತು. ನನ್ನ ಹಣೆಯಲ್ಲೂ ಬೊಟ್ಟಿತ್ತು. ಆ ಮಾತನ್ನು ಆಂಟಿಯ ಎದುರು ಗಟ್ಟಿಯಾಗಿ ಓದಲು ಸಂಕೋಚವಾಯಿತು.

"ಪ್ರಾರ್ಥನೆಗೆ ಸರಿಯಾಗಿ ಬರ್ತಿರಲಿಲ್ಲ ಅಂತ ಬರೆದಿದ್ದಾರೆ, ಆಂಟಿ."

ಆಂಟಿ ಅರಿಶಿನದ ಕೈಯಲ್ಲೇ ಬಂದು ಹಾಳೆಯ ಅಂಚಿಗೆ ಹೆಬ್ಬೆರಳೊತ್ತಿದರು. "ಇಷ್ಟುದ್ದ ಬರದಾರ, ನೀ ಒಂದ ಸಾಲು ಓದ್ತಿ? ನನ್ ಕಣ್ಣು ಮಂಜಾಗ್ಯಾವ, ತಲಿ ಅಲ್ಲ. ನಿಮ್ ಮೈಸೂರು ಮರ್ಯಾದಿ ಬಾಜು ಇಟ್ಟು ಪೂರಾ ಓದು."

ಓದಿದೆ. ತಪ್ಪೊಪ್ಪಿಕೊಳ್ಳುತ್ತೀಯಾ ಎಂದು ಕೇಳಿದ್ದಕ್ಕೆ ಆಕೆ ಕೊಟ್ಟ ಉತ್ತರವನ್ನು ಬರೆದುಕೊಂಡವರು ತಿದ್ದಿರಲಿಲ್ಲ: "ನಮ್ಮವ್ವ ಹಚ್ಚಿದಳು. ಅವ್ವನ ಕೈ ಹೆಂಗ ತಳ್ಳಲಿ?"

ಆಂಟಿ ಅದನ್ನು ಮತ್ತೊಮ್ಮೆ ಓದಿಸಿದರು. ಅವರ ಬಳಿ ಮುತ್ತಜ್ಜಿಯ ಒಂದು ಫೋಟೊ ಕೂಡ ಇರಲಿಲ್ಲ. "ತಪ್ಪು ಮಾಡಿದ್ದಕ್ಕ ಆಕಿ ಮಾತು ಉಳೀತು ನೋಡವ್ವಾ," ಎಂದು ನಕ್ಕರು. ಆಮೇಲೆ ಒಲೆಯ ಕಡೆ ತಿರುಗಿ ಸಾರು ಕದಡಿದರು.

ಲಕೋಟೆ ಬಂದ ಸಂಜೆ ಮೊಮ್ಮಗಳು ಫೋನ್ ಮಾಡಿದಳು. ಇಲ್ಲೇ ಹುಟ್ಟಿದವಳು, ಕನ್ನಡ ಓದಲು ಬಾರದು.

"ಅಕ್ಕಾ, ಅಜ್ಜಿ ಇದನ್ನ ನಿಮಗೇ ಕೊಡು ಅಂದಿದ್ರು. ವಾಟ್ ಈಸ್ ಇಟ್? ಏನಾದ್ರೂ ಕೆಟ್ಟದ್ದಾ?"

"ಏನಿಲ್ಲ, ಹಳೇ ಚರ್ಚ್ ವಿಷಯ ಅಷ್ಟೇ," ಎಂದುಬಿಟ್ಟೆ.

ಫೋನ್ ಇಟ್ಟ ಮೇಲೆ, ನನ್ನನ್ನು ಗದರಲು ಈಗ ಆಂಟಿ ಇಲ್ಲವೆಂಬುದು ಮನಸ್ಸಿಗೆ ಬಂತು.

ಮರುದಿನ ಬೆಳಿಗ್ಗೆ ನಾನೇ ಅವಳಿಗೆ ಫೋನ್ ಮಾಡಿದೆ. ಆಪಾದನೆಯಿಂದ ಶುರುಮಾಡಿ, ಅರ್ಥ ಹೇಳುತ್ತಾ, ಒಂದು ಸಾಲೂ ಬಿಡದೆ ಓದಿದೆ.